ಬರ್ತೀನಿ ಅಂದಮೇಲೆ ಹೋಗು

ಲಂಡನ್‌ಗೆ ಬಂದು ಎರಡು ತಿಂಗಳಾಯಿತು, ಆಫೀಸಿನ ಗೆಳೆಯರು ಶುಕ್ರವಾರ ಸಂಜೆ ನ್ಯಾಷನಲ್ ಗ್ಯಾಲರಿಗೆ ಕರೆಯುತ್ತಿದ್ದಾರೆ, ಚಿತ್ರಕಲೆಯ ಗಂಧಗಾಳಿ ಗೊತ್ತಿಲ್ಲ, ಹೋಗಲಾ ಬೇಡವಾ, ಎಷ್ಟು ಖರ್ಚಾಗುತ್ತೆ, ಏನು ಹಾಕಿಕೊಳ್ಳಲಿ ಅಂತ ಕೇಳಿದ್ದೀಯ. ಅಕ್ಕಾ ಅಂತ ಕರೆದಿದ್ದೀಯ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ.

ಹೋಗು. ಆಫೀಸಿಗೆ ಹಾಕಿದ ಬಟ್ಟೆಯೇ ಸಾಕು. ದೊಡ್ಡ ಬ್ಯಾಗ್ ಬೇಡ, ಬಾಗಿಲಲ್ಲಿ ತಪಾಸಣೆ ಇರುತ್ತೆ. ಅಲ್ಲಿನ ಕಾಯಂ ಸಂಗ್ರಹ ನೋಡಲು ದುಡ್ಡು ಕೊಡಬೇಕಿಲ್ಲ. ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್ ಬೇಕಾಗುತ್ತೆ, ಅದು ಕೈ ಕಚ್ಚುತ್ತೆ. ಯಾವುದಕ್ಕೆ ಹೋಗುತ್ತಿದ್ದಾರೆ ಅಂತ ಮೊದಲೇ ಕೇಳಿಕೋ. ಶುಕ್ರವಾರ ರಾತ್ರಿ 9ರವರೆಗೂ ತೆರೆದಿರುತ್ತೆ, ಅವಸರವಿಲ್ಲ.

ನೀನು ಕೇಳದೇ ಇದ್ದದ್ದೊಂದನ್ನು ಹೇಳಬೇಕು. ನಾನು ಇಲ್ಲಿಗೆ ಬಂದದ್ದು 2011ರಲ್ಲಿ. ಆ ಚಳಿಗಾಲ ಇದೇ ಗ್ಯಾಲರಿಯಲ್ಲಿ ಲಿಯೊನಾರ್ಡೊ ಡಾ ವಿಂಚಿ ಪ್ರದರ್ಶನ ನಡೆಯುತ್ತಿತ್ತು. ಅವನ 'ವರ್ಜಿನ್ ಆಫ್ ದಿ ರಾಕ್ಸ್' ಚಿತ್ರ ಎರಡಿವೆ. ಒಂದು ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ, ಇನ್ನೊಂದು ಇಲ್ಲಿ. ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟಿದ್ದರು. ಮುಂಗಡ ಟಿಕೆಟ್ ಯಾವತ್ತೋ ಮುಗಿದಿದ್ದವು. ಆ ದಿನದ ಟಿಕೆಟ್‌ಗಾಗಿ ಜನ ನಸುಕಿನಲ್ಲೇ ಬಂದು ಸಾಲು ನಿಲ್ಲುತ್ತಿದ್ದರು.

ನನ್ನ ಪಕ್ಕದ ಮೇಜಿನ ಗೆಳತಿ, ಇಲ್ಲಿಯವಳೇ, 'ಶನಿವಾರ ಹೋಗೋಣ್ವಾ?' ಅಂದಳು. ಬರ್ತೀನಿ ಅಂದೆ. ನಮ್ಮವರು ಮುಖ ನೋಡಿ 'ಬರ್ತೀನಿ' ಅನ್ನೋದು ಹೇಗಿರುತ್ತೆ ಅಂತ ನಿನಗೆ ಹೇಳಬೇಕಾ? ಇಲ್ಲ ಅಂದರೆ ಬೇಜಾರಾಗುತ್ತೆ ಅಂತ ಹೂಂ ಅನ್ನುತ್ತೇವೆ, ಕೇಳಿದವರಿಗೂ ಅದು ಅರ್ಥವಾಗಿರುತ್ತೆ. ಅವಳಿಗೆ ಅರ್ಥವಾಗಲಿಲ್ಲ. ಕತ್ತಲಲ್ಲೇ ಎದ್ದು, ಆ ಚಳಿಯಲ್ಲಿ ಸಾಲಲ್ಲಿ ನಿಂತು, ನನ್ನದೂ ಸೇರಿಸಿ ಟಿಕೆಟ್ ತಗೊಂಡಳು. ನಾನು ಹೊದ್ದು ಮಲಗಿದ್ದೆ. ಫೋನ್ ಬಂದಾಗ ಎತ್ತಲಿಲ್ಲ.

ಸೋಮವಾರ ಅವಳು ಬೈಯಲಿಲ್ಲ. 'ಹುಷಾರಿದ್ದೀಯಾ? ನಿನಗೇನಾದರೂ ಆಯಿತೇನೋ ಅಂತ ಗಾಬರಿಯಾಗಿತ್ತು' ಅಂದಳು. ತಲೆನೋವು ಅಂತ ಸುಳ್ಳು ಹೇಳಿದೆ. ಆಮೇಲೆ ಎಲ್ಲಿಗೂ ಕರೆಯಲಿಲ್ಲ. ಮಾತು ಮೊದಲಿನಷ್ಟೇ ನಯವಾಗಿತ್ತು, ಅಷ್ಟೇ. ವರ್ಷದೊಳಗೆ ಬೇರೆ ಊರಿಗೆ ಹೋದಳು. ಆ ಸುಳ್ಳನ್ನು ಸರಿಮಾಡಿಕೊಳ್ಳಲು ಆಗಲೇ ಇಲ್ಲ. ಪ್ಯಾರಿಸ್ಸಿನ ಚಿತ್ರವೂ ತನ್ನ ಊರಿಗೆ ಹೋಯಿತು. ಇಲ್ಲಿಯದು ಇಲ್ಲೇ ಇದೆ. ಅದರ ಮುಂದೆ ನಿಂತಾಗಲೆಲ್ಲ ನನಗೆ ಅವಳದೇ ನೆನಪು.

ಅದಕ್ಕೇ, ಬರೋದಿದ್ದರೆ ಬರ್ತೀನಿ ಅನ್ನು. ಇಲ್ಲದಿದ್ದರೆ ಆಗಲ್ಲ ಅನ್ನು. ಇಲ್ಲಿ ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಚಿತ್ರಕಲೆ ಗೊತ್ತಿಲ್ಲ ಅಂತ ಹೆದರಬೇಡ. ಹೋಲ್ಬೈನ್ 1533ರಲ್ಲಿ ಬರೆದ 'ದಿ ಅಂಬಾಸಡರ್ಸ್' ಹತ್ತಿರ ಗೆಳೆಯರನ್ನು ಕರೆದುಕೊಂಡು ಹೋಗು. ಇಬ್ಬರು ಗಂಡಸರು, ಅವರ ಕಾಲ ಬಳಿ ಏನೋ ಓರೆಯಾಗಿ ಎಳೆದ ಬಿಳಿ ಆಕಾರ. ಚಿತ್ರದ ಬಲಗಡೆಗೆ ಸರಿದು, ಅಂಚಿನಿಂದ ನೋಡಿದರೆ ಅದು ತಲೆಬುರುಡೆ! ಒಬ್ಬೊಬ್ಬರಾಗಿ ಅಲ್ಲಿ ನಿಂತು ನೋಡುವಾಗ ಮಾತು ತಾನಾಗಿ ಬರುತ್ತೆ. ಒಂದೇ ಸಂಜೆ ಎಲ್ಲಾ ಕೋಣೆ ಸುತ್ತೋಕೆ ಹೋಗಬೇಡ. ಐದಾರು ಚಿತ್ರ ಸಾಕು.

ಮುಂದಿನ ಸಲ ಕರೆಯೋ ಸರದಿ ನಿನ್ನದು. ಅವರನ್ನು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಕರೆದುಕೊಂಡು ಹೋಗು. ಬಿಳಿಯನೊಬ್ಬನ ಮೇಲೆ ಎರಗಿರುವ ಟಿಪ್ಪುವಿನ ಮರದ ಹುಲಿ ಅಲ್ಲಿಯದೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯವರು ಹೊತ್ತು ತಂದದ್ದು. ಹೊಟ್ಟೆಯೊಳಗೆ ಆರ್ಗನ್ ಅನ್ನೋ ಗಾಳಿವಾದ್ಯ ಇದೆ, ಹಿಡಿ ತಿರುಗಿಸಿದರೆ ಘರ್ಜನೆ, ಕೆಳಗೆ ಬಿದ್ದವನ ನರಳಾಟ ಎರಡೂ ಕೇಳುವಂತೆ ಮಾಡಿದ್ದಾರೆ. ಮೊದಲ ಸಲ ಅದರ ಮುಂದೆ ನಿಂತಾಗ ಯಾರ ಜೊತೆಗಾದರೂ ಕನ್ನಡದಲ್ಲಿ ಮಾತಾಡಬೇಕು ಅನ್ನಿಸಿ ಗಂಟಲು ಕಟ್ಟಿತ್ತು. ಹೋಗೋ ದಿನ ನನಗೂ ಹೇಳು, ನಾನೂ ಬರ್ತೀನಿ.