ಬೀಡಿಂಗ್ ಬಿಚ್ಚಬೇಕೋ, ಟೇಪ್ ಹಚ್ಚಿದರೆ ಸಾಕೋ?

ಪ್ರಶ್ನೆ: ನಮ್ಮ ಅಪ್ಪಾಜಿ 1998ರಲ್ಲಿ ತಗೊಂಡ ಮಾರುತಿ 800 ಇನ್ನೂ ಓಡುತ್ತಿದೆ. ಬಣ್ಣ ಮಂಕಾಗಿದೆ, ಬಾಗಿಲ ಕೆಳಗೆ ಅಲ್ಲಲ್ಲಿ ತುಕ್ಕು ಬಂದಿದೆ. ಅದೇ ಬಿಳಿ ಬಣ್ಣವನ್ನು ಪೂರ್ತಿ ಹೊಡೆಸಬೇಕು ಅಂತಿದ್ದೇನೆ. ಪೇಂಟರ್ ಮಾತ್ರ "ಏನೂ ಬಿಚ್ಚೋದು ಬೇಡ ಸರ್, ಪೇಪರ್ ಮುಚ್ಚಿ ಟೇಪ್ ಹಚ್ಚಿದರೆ ಆಯ್ತು" ಅನ್ನುತ್ತಾರೆ. ಬಿಚ್ಚಿದರೆ ಕೂಲಿ ಜಾಸ್ತಿಯಂತೆ. ಬೀಡಿಂಗ್ (ಗಾಜಿನ ಅಂಚಿನ ಪಟ್ಟಿ), ಹ್ಯಾಂಡಲ್ ಇವನ್ನೆಲ್ಲ ನಾನೇ ಮನೆಯಲ್ಲಿ ಬಿಚ್ಚಿಕೊಡಬಹುದೇ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಧಾರಾಳವಾಗಿ ಬಿಚ್ಚಬಹುದು. ಆದರೆ ಸ್ಕ್ರೂಡ್ರೈವರ್ ಕೈಗೆ ತಗೊಳ್ಳುವ ಮೊದಲು ಒಮ್ಮೆ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಬನ್ನಿ. ಮಾರುತಿ 800 ತಯಾರಿಕೆ 2014ರಲ್ಲೇ ನಿಂತಿದೆ. ಮುಂದಿನ ಗಾಜಿನ ರಬ್ಬರ್, ಬಾಗಿಲ ಗಾಜಿನ ಬೀಡಿಂಗ್, ಪ್ಲಾಸ್ಟಿಕ್ ಕ್ಲಿಪ್ ಇವೆಲ್ಲ ಸಿಗುತ್ತವಾ ಅಂತ ಕೇಳಿಕೊಳ್ಳಿ. ಹೊಸದು ಸಿಗುವಂಥದ್ದನ್ನು ಧೈರ್ಯವಾಗಿ ಬಿಚ್ಚಿ. ಹೊಸದು ಸಿಗದು, ಹಳೆಯದು ಮುಟ್ಟಿದರೆ ಮುರಿಯುವ ಹಾಗಿದೆ ಅಂದರೆ ಅದಕ್ಕೆ ಟೇಪೇ ಸರಿ.

ನಿಮ್ಮ ಪೇಂಟರ್ ಹೇಳಿದ್ದು ಪೂರ್ತಿ ತಪ್ಪೇನಲ್ಲ. ಹಳೆ ಕಾರಿನ ಕ್ಲಿಪ್ ಮುರಿದರೆ ಬೈಗುಳ ಅವರಿಗೇ ಅಲ್ವಾ? ಆದರೂ ಟೇಪ್‌ನ ಅಂಚಿನಲ್ಲಿ ಬಣ್ಣ ದಪ್ಪಗೆ ನಿಲ್ಲುತ್ತದೆ. ಮುಂದೆ ನೀರು ಜೋರಾಗಿ ಬಿಟ್ಟು ತೊಳೆದಾಗ ಸಿಪ್ಪೆ ಏಳುವುದು ಅಲ್ಲಿಂದಲೇ. ಇನ್ನೂ ದೊಡ್ಡ ಕಾರಣ ತುಕ್ಕು. ಬೀಡಿಂಗ್ ಅಡಿಯಲ್ಲಿ ಇಷ್ಟು ವರ್ಷದ ಧೂಳು ತೇವ ಹಿಡಿದು ಕೂತಿರುತ್ತದೆ. ಬಿಚ್ಚದೇ ಬಣ್ಣ ಹೊಡೆದರೆ ಒಳಗಿನ ತುಕ್ಕು ಹಾಗೇ ಬೆಳೆಯುತ್ತದೆ.

ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಹಿಂದಿನ ಮೋನೋಗ್ರಾಂ (ಕಾರಿನ ಹೆಸರಿನ ಬಿಲ್ಲೆ) ಅಂಚಿನಿಂದ ಎಷ್ಟು ದೂರ ಇದೆ ಅಂತ ಅಳತೆ ಬರೆದಿಡಿ. ಬಣ್ಣ ಆದ ಮೇಲೆ ಕಣ್ಣಳತೆಯಲ್ಲಿ ಅಂಟಿಸಿದರೆ ಸೊಟ್ಟಗೇ ಕೂರುತ್ತದೆ.

ಮೋನೋಗ್ರಾಂ ಮತ್ತು ಬಾಗಿಲ ಪಕ್ಕದ ಮೋಲ್ಡಿಂಗ್ (ಉದ್ದ ಪಟ್ಟಿ) ಎರಡೂ ಬದಿ ಅಂಟಿರುವ ಡಬಲ್ ಟೇಪ್‌ನಲ್ಲಿ ಅಂಟಿದ್ದರೆ ಬೆಳಗಿನ ತಂಪಿನಲ್ಲಿ ಕೀಳಬೇಡಿ. ದಾವಣಗೆರೆ ಬಿಸಿಲಿಗೆ ಹೀಟ್ ಗನ್ ಯಾಕೆ? ಮಧ್ಯಾಹ್ನ ಎರಡು ತಾಸು ಬಯಲಲ್ಲಿ ನಿಲ್ಲಿಸಿದರೆ ಅಂಟು ಮೆತ್ತಗಾಗುತ್ತದೆ. ಮೀನು ಹಿಡಿಯುವ ನೈಲಾನ್ ದಾರವನ್ನು ಅದರ ಹಿಂದೆ ತೂರಿಸಿ, ಗರಗಸ ಆಡಿಸಿದ ಹಾಗೆ ಆಚೀಚೆ ಎಳೆಯಿರಿ. ಒಳಗಿಂದ ಪಿನ್ ಇದ್ದರೆ ದಾರ ತಡೆಯುತ್ತದೆ. ಆಗ ಜೋರು ಮಾಡದೆ ಹಿಂದಿನಿಂದ ನಟ್ ಹುಡುಕಿ.

ಬಾಗಿಲ ಗಾಜಿನ ಹೊರ ಬೀಡಿಂಗ್‌ಗೆ ಮೊದಲು ಗಾಜು ಪೂರ್ತಿ ಇಳಿಸಿ. ಒಂದು ತುದಿ ಹಿಡಿದು ಎಳೆಯಲೇಬಾರದು, ಒಳಗಿನ ತಗಡು ಮಡಚಿಕೊಳ್ಳುತ್ತದೆ. ಕ್ಲಿಪ್ ಇರುವ ಕಡೆಯೇ ಪ್ಲಾಸ್ಟಿಕ್ ಪಟ್ಟಿ ತೂರಿಸಿ ನೇರ ಮೇಲಕ್ಕೆ ಎತ್ತುತ್ತಾ ಹೋಗಿ. ಹ್ಯಾಂಡಲ್ ತೆಗೆಯಲು ಡೋರ್ ಪ್ಯಾಡ್ (ಬಾಗಿಲ ಒಳಮೈಯ ಹಲಗೆ) ಬಿಚ್ಚಬೇಕು, ನಟ್ ಒಳಗಿರುತ್ತದೆ. ಗಾಜು ಏರಿಸುವ ಹಿಡಿಕೆಯ ಹಿಂದೆ ತಂತಿಯ ಲಾಕ್ ಇದೆ. ಹಳೆ ಬಟ್ಟೆಯ ತುಂಡನ್ನು ಹಿಡಿಕೆಯ ಹಿಂದೆ ಸಿಕ್ಕಿಸಿ ಎಡಬಲ ಎಳೆದರೆ ಲಾಕ್ ಚಿಮ್ಮಿ ಹೊರಬರುತ್ತದೆ. ಎಲ್ಲಿಗೆ ಚಿಮ್ಮಿತು ಅಂತ ನೋಡಿಕೊಳ್ಳಿ! ತುಕ್ಕು ಹಿಡಿದ ಸ್ಕ್ರೂಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಡಬ್ಲ್ಯೂಡಿ-40 ಸ್ಪ್ರೇ ಹೊಡೆದಿಡಿ. ಸರಿಯಾದ ಅಳತೆಯ ಸ್ಕ್ರೂಡ್ರೈವರ್‌ನಿಂದ ಮೊದಲು ಒಂಚೂರು ಬಿಗಿ ಮಾಡಿ, ಆಮೇಲೆ ಸಡಿಲಿಸಿ.

ಮುಂದಿನ ಗಾಜನ್ನು ಮಾತ್ರ ನೀವು ತೆಗೆಯಲು ಹೋಗಬೇಡಿ. ಹಳೆ ರಬ್ಬರ್ ಗಟ್ಟಿಯಾಗಿರುತ್ತದೆ, ಒತ್ತಿದರೆ ಗಾಜು ಬಿರುಕು ಬಿಡಬಹುದು. ಹೊಸ ರಬ್ಬರ್ ಸಿಕ್ಕಿದ್ದರೆ ಗಾಜಿನ ಕೆಲಸದವರಿಂದ ತೆಗೆಸಿ. ಸಿಗದಿದ್ದರೆ ರಬ್ಬರ್‌ಗೆ ಸೋಪಿನ ನೀರು ಸವರಿ, ಅದರ ಅಂಚಿನಡಿ ತೆಳ್ಳನೆ ಪ್ಲಾಸ್ಟಿಕ್ ಹಗ್ಗವನ್ನು ಸುತ್ತಲೂ ತುರುಕಿ. ಅಂಚು ಮೇಲೆದ್ದು ನಿಲ್ಲುತ್ತದೆ, ಬಣ್ಣ ಅಡಿಗೂ ಇಳಿಯುತ್ತದೆ. ಒಣಗಿದ ಮೇಲೆ ಹಗ್ಗ ಎಳೆದುಬಿಡಿ. ಅಲ್ಲಿ ಟೇಪ್‌ನ ಗೆರೆ ಕಾಣುವುದಿಲ್ಲ.

ಎಡ, ಬಲ ಅಂತ ಬರೆದು ಕವರ್‌ಗಳಲ್ಲಿ ಹಾಕಿಡಿ. ಮುರಿದ ಕ್ಲಿಪ್ಪನ್ನೂ ಎಸೆಯಬೇಡಿ, ಅಂಗಡಿಯಲ್ಲಿ ತೋರಿಸಲು ಅದೇ ಬೇಕು. ಇನ್ನೊಂದು ವಿಷಯ ಪೇಂಟರ್‌ಗೆ ಹೇಳಿ: ಎಮರಿ ಪೇಪರ್ ಉಜ್ಜುವ ಮೊದಲೇ ಅಂಟು, ಜಿಡ್ಡು, ಹಳೆ ಪಾಲಿಶ್ ಎಲ್ಲ ಒರೆಸಬೇಕು. ಪಾಲಿಶ್‌ನಲ್ಲಿ ಸಿಲಿಕಾನ್ ಇರುತ್ತದೆ. ಅದು ಉಳಿದರೆ ಹೊಸ ಬಣ್ಣದಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಬಣ್ಣ ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಗಟ್ಟಿಯಾಗಲು ಕೆಲವು ದಿನ ಬೇಕು. ಡಬಲ್ ಟೇಪ್ ಅಂಟಿಸಲು ಒಂದು ವಾರವಾದರೂ ಕಾಯಿರಿ.

ಪ್ರಶ್ನೆ: ನಮ್ಮದು ಹಳೆ ಪ್ರೀಮಿಯರ್ ಪದ್ಮಿನಿ ಕಾರು. ಪಕ್ಕದ ಹೊಳೆಯುವ ಉದ್ದ ಪಟ್ಟಿ ಸೊಟ್ಟಾಗದಂತೆ ತೆಗೆಯುವುದು ಹೇಗೆ? ಬಿಳಿ ಕಾರನ್ನು ಕಡುಗೆಂಪು ಮಾಡಿಸಿದರೆ ಆರ್‌ಸಿ ತೊಂದರೆ ಬರುತ್ತಾ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಇಬ್ಬರು ಬೇಕು. ಒಬ್ಬರು ಕ್ಲಿಪ್ ಒಂದೊಂದಾಗಿ ಸಡಿಲಿಸಲಿ, ಇನ್ನೊಬ್ಬರು ಬಿಟ್ಟ ಭಾಗ ಜೋತುಬೀಳದಂತೆ ಹಿಡಿದಿರಲಿ. ತೆಗೆದ ಪಟ್ಟಿಯನ್ನು ಉದ್ದನೆ ಹಲಗೆಗೆ ಕಟ್ಟಿಡಿ. ಗೋಡೆಗೆ ಒರಗಿಸಿದರೆ ಯಾರಾದರೂ ತುಳಿದೇ ತುಳಿಯುತ್ತಾರೆ. ಕ್ಲಿಪ್ ಕೂರುವ ತೂತುಗಳ ಸುತ್ತ ತುಕ್ಕು ಕೆರೆದು ಪ್ರೈಮರ್ ಹಚ್ಚಿಸಿ, ನೀರು ಒಳಗೆ ಹೋಗುವುದು ಅಲ್ಲಿಂದಲೇ. ನಿಮ್ಮೂರಿನ ಆಷಾಢದ ಗಾಳಿಯಲ್ಲಿ ಬಾಗಿಲಿಲ್ಲದ ಶೆಡ್ಡಿನಲ್ಲಿ ಪೇಂಟ್ ಮಾಡಿಸಬೇಡಿ, ಧೂಳೆಲ್ಲ ಬಣ್ಣದ ಮೇಲೆ ಕೂರುತ್ತದೆ.

ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ. ಆದ್ದರಿಂದ ಬೇರೆ ಬಣ್ಣ ಮಾಡಿಸಿದರೆ ಆರ್‌ಟಿಒದಲ್ಲಿ ಅದನ್ನು ತಿದ್ದಿಸಬೇಕು. 15 ವರ್ಷ ದಾಟಿದ ಕಾರಿಗೆ ನೋಂದಣಿ ನವೀಕರಣವೂ ಇದ್ದೇ ಇರುತ್ತದೆ. ಆಗ ಇನ್‌ಸ್ಪೆಕ್ಟರ್ ಗಾಡಿ ನೋಡುವಾಗ ಆರ್‌ಸಿಯಲ್ಲಿ ಬಿಳಿ, ಎದುರಿಗೆ ಕೆಂಪು ಅಂತಾದರೆ ಸುಮ್ನೆ ಓಡಾಟ. ಬಣ್ಣ ಹೊಡೆಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ.