ಅಬ್ಬಲಿಗೆ ಗಿಡದ ಎಲೆ ಹಳದಿಯಾಗುತ್ತಿದೆ, ಯಾವ ಗೊಬ್ಬರ ಹಾಕಲಿ?

ಎರಡು ವರ್ಷದ ಗಿಡ, ಎಲೆ ಹಳದಿ, ನೀರು ಹಾಕಿದರೂ ಮಧ್ಯಾಹ್ನ ಜೋತು ಬೀಳುತ್ತದೆ ಅಂದಿರಲ್ಲ, ಓದುತ್ತಿದ್ದಂತೆ ಕುಮಟಾದ ನಮ್ಮ ಹಿತ್ತಲೇ ಕಣ್ಣಮುಂದೆ ಬಂತು. ಸದ್ಯಕ್ಕೆ ಯಾವ ಗೊಬ್ಬರವನ್ನೂ ಹಾಕಬೇಡಿ. ನಾನು ಹಾಕಿ ಕೆಟ್ಟವಳು.

ನಮ್ಮದು ಸಮುದ್ರದ ಹತ್ತಿರದ ಮರಳು ಮಣ್ಣು. ಅತ್ತೆಯವರ ನಾಲ್ಕು ಅಬ್ಬಲಿಗೆ ಗಿಡ ಬಾವಿಕಟ್ಟೆಯ ಪಕ್ಕ ಇದ್ದವು. ದಿನಾ ಸಂಜೆ ಬಾಳೆಪಟ್ಟೆ ದಾರದಲ್ಲಿ ದಂಡೆ ಕಟ್ಟುತ್ತಿದ್ದರು. ನನಗೆ ಆಸೆ ಜಾಸ್ತಿಯಾಯಿತು. ಚೌತಿ ಮುಗಿದು ಮಳೆ ಇಳಿದ ಮೇಲೆ 60 ಸಸಿ ತಂದು ನೆಟ್ಟೆ. ಎಲ್ಲಿ ಅಂತೀರಾ? ಬೆಂಡೆ, ಬದನೆ ಕಿತ್ತ ಜಾಗದಲ್ಲಿ. ಮಣ್ಣು ಸಡಿಲವಾಗಿತ್ತು, ಬೇರೆ ಕಡೆ ಅಗೆಯಲು ಸೋಮಾರಿತನ, ಅಷ್ಟೇ.

ಚಳಿಗಾಲದಲ್ಲಿ ಚೆನ್ನಾಗಿಯೇ ಹೂ ಬಿಟ್ಟವು. ಮಾರ್ಚ್ ಹೊತ್ತಿಗೆ ಎಲೆ ಹಳದಿ. ಗಿಡಕ್ಕೆ ಹಸಿವು ಅಂದುಕೊಂಡು ಬುಡಬುಡಕ್ಕೆ ಒಂದೊಂದು ಚಿಟಿಕೆ ಯೂರಿಯಾ ಹಾಕಿ ನೀರು ಬಿಟ್ಟೆ. ಎಂಟು ದಿನದಲ್ಲಿ ಹಸಿರೋ ಹಸಿರು! ತಂಗಿಗೆ ಫೋಟೋ ಬೇರೆ ಕಳಿಸಿದೆ. ಇನ್ನೊಂದು ವಾರಕ್ಕೆ ಮತ್ತೆ ಹಳದಿ, ಜೊತೆಗೆ ಮಧ್ಯಾಹ್ನದ ಬಾಡು. ಮತ್ತೆ ಯೂರಿಯಾ, ಈ ಸಲ ಚಿಟಿಕೆಯಲ್ಲ, ಹಿಡಿ. ಬಾಡಿದ್ದು ಕಂಡು ದಿನಕ್ಕೆ ಎರಡು ಸಲ ನೀರು. ಅಂಗಡಿಯವನೊಬ್ಬ ಕೊಟ್ಟ ಯಾವುದೋ ಔಷಧಿಯನ್ನೂ ಹೊಡೆದೆ. ಮೇ ತಿಂಗಳಿಗೆ ಉಳಿದದ್ದು 11 ಗಿಡ.

ಕೊನೆಗೆ ಕಳೆ ಕೀಳಲು ಬಂದ ಅಜ್ಜಿ ಒಂದು ಗಿಡ ಕಿತ್ತು, "ಬೇರು ನೋಡಿದ್ರಾ ಅಮ್ಮಾ?" ಅಂದಳು. ನೋಡಿರಲಿಲ್ಲ. ಮೂರು ತಿಂಗಳು ಎಲೆಯನ್ನೇ ನೋಡಿದ್ದೆ. ಬಾವಿಯ ನೀರಲ್ಲಿ ಬೇರು ತೊಳೆದರೆ ಮೈತುಂಬ ಗಂಟು. ಕೆಲವು ಸಾಸಿವೆಯಷ್ಟು, ಕೆಲವು ಕಾಳುಮೆಣಸಿನಷ್ಟು. ಉಗುರಲ್ಲಿ ಕೆರೆದರೆ ಉದುರಲಿಲ್ಲ, ಬೇರೇ ಊದಿಕೊಂಡಿತ್ತು. ಅದು ಬೇರುಗಂಟು ಜಂತುಹುಳು, ಇಂಗ್ಲಿಷ್ ಹೆಸರು ನೆಮಟೋಡ್. ಕಣ್ಣಿಗೆ ಕಾಣದಷ್ಟು ಸಣ್ಣದು. ಬೆಂಡೆ, ಬದನೆ, ಟೊಮೆಟೊ ಅಂದರೆ ಅದಕ್ಕೆ ಪ್ರಾಣ. ಮರಳು ಮಣ್ಣು ಇನ್ನೂ ಇಷ್ಟ. ನಾನು ಅದರ ಊಟದ ತಟ್ಟೆಯಲ್ಲೇ ಅಬ್ಬಲಿಗೆ ನೆಟ್ಟಿದ್ದೆ.

ಯೂರಿಯಾ ಮಾಡಿದ್ದೇನು ಗೊತ್ತಾ? ಗಂಟು ಕಟ್ಟಿದ ಬೇರು ಸರಿಯಾಗಿ ನೀರು ಕುಡಿಯುವುದಿಲ್ಲ. ಮೇಲೆ ಯೂರಿಯಾದಿಂದ ಎಳೆ ಎಲೆ ದಬದಬ ಬಂತು. ಎಲೆ ಜಾಸ್ತಿ, ಬಾಯಾರಿಕೆ ಜಾಸ್ತಿ, ಕುಡಿಯುವ ಬಾಯಿ ಮಾತ್ರ ಕಟ್ಟಿಹೋಗಿದೆ. ನಾನು ಸುರಿದ ನೀರಿಗೆ ಇದ್ದಬದ್ದ ಬೇರೂ ಕೊಳೆಯಿತು. ಮೊದಲ ವಾರವೇ ಒಂದೇ ಒಂದು ಗಿಡ ಕಿತ್ತು ನೋಡಿದ್ದರೆ! 60ರಲ್ಲಿ ಒಂದು ಹೋದರೆ ಏನಾಗುತ್ತಿತ್ತು? ಹೂ ಬಿಡುವ ಗಿಡ ಕೀಳಲು ಮನಸ್ಸು ಬರಲಿಲ್ಲ. ಆ ಕನಿಕರಕ್ಕೆ 49 ಗಿಡ ಹೋದವು.

ಆದ್ದರಿಂದ ನೀವೂ ತೀರಾ ಸೊರಗಿದ ಒಂದು ಗಿಡವನ್ನು ಇವತ್ತೇ ಕಿತ್ತು ಬೇರು ತೊಳೆಯಿರಿ. ಬೇರು ಚೊಕ್ಕ ಇದ್ದರೆ ಮಾತ್ರ ಎಲೆ ನೋಡಿ. ಹಳೇ ಎಲೆ ಇಡೀ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ್ದು. ಗೋಡೆಯ ಸುಣ್ಣ ಬಿದ್ದ ಜಾಗ, ಚಿಪ್ಪಿನ ಚೂರಿರುವ ಮರಳಲ್ಲಿ ಹೀಗಾಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಲವಣ, ಫೆರಸ್ ಸಲ್ಫೇಟ್) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ.

ಗಂಟು ಕಂಡರೆ? ಗಿಡ ಉಳಿಸುವ ಆಸೆ ಬಿಡಿ. ಬೇಜಾರಾಗಬಹುದು, ಆದರೆ ಅಬ್ಬಲಿಗೆಯೇನು ಮಲ್ಲಿಗೆಯಲ್ಲ. ವರ್ಷವಿಡೀ ಹೂ ಕೊಡುತ್ತದೆ, ಎರಡು ಮೂರು ವರ್ಷಕ್ಕೆ ಸುಸ್ತಾಗುತ್ತದೆ. ಬೆಳೆಗಾರರೂ ಅಷ್ಟಕ್ಕೇ ಕಿತ್ತು ಹೊಸದು ನೆಡುತ್ತಾರೆ. ನಿಮ್ಮದಕ್ಕೆ ಈಗಾಗಲೇ ಎರಡು ತುಂಬಿದೆ, ಅಲ್ವಾ? ಬೇರುಸಹಿತ ಕಿತ್ತು ಸುಡಿ. ಆ ಮಣ್ಣಿನ ಒಂದು ಹೆಂಟೆಯೂ ಬೇರೆ ಮಡಿಗೆ ಹೋಗಬಾರದು, ಗುದ್ದಲಿಯನ್ನೂ ತೊಳೆಯಿರಿ. ಏಪ್ರಿಲ್-ಮೇಯಲ್ಲಾದರೆ ಮಡಿ ಒದ್ದೆ ಮಾಡಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಆರು ವಾರ ಬಿಸಿಲಿಗೆ ಬಿಡಿ. ಆಮೇಲೆ ಒಂದು ಬೆಳೆ ಗೊಂಡೆ ಹೂ, ಅಂದರೆ ಚೆಂಡು ಹೂ ಹಾಕಿ. ಅದರ ಬೇರು ಈ ಹುಳಕ್ಕೆ ಆಗದು. ಹೊಸ ಸಸಿ ನೆಡುವಾಗ ಗುಂಡಿಗೆ ಬೇವಿನ ಹಿಂಡಿ. ನನ್ನ ಈಗಿನ ಗಿಡಗಳು ಏರುಮಡಿಯಲ್ಲಿವೆ, ನಮ್ಮ ಕಡೆಯ ಮಳೆಗೆ ಬುಡದಲ್ಲಿ ನೀರು ನಿಂತರೆ ಅದೂ ಕಷ್ಟ.

ಸಸಿ ಕೊಳ್ಳುವ ಬದಲು ಬೀಜದಿಂದಲೇ ಮಾಡಿ, ಹೊಸ ಮಣ್ಣಲ್ಲಿ. ಬೀಜ ಕಟ್ಟದ ಡೆಲ್ಲಿ ಜಾತಿಯಾದರೆ ಕಡ್ಡಿ ನೆಡಬೇಕು, ಅದನ್ನೂ ಮೇಲಿನ ರೆಂಬೆಯಿಂದಲೇ ತೆಗೆಯಿರಿ. ಬೀಜದ ಕೋಡು ಒಣಗಿದ ಮೇಲೆ ನೀರು ತಾಗಿದರೆ ಟಪ್ಪೆಂದು ಸಿಡಿಯುತ್ತದೆ. ನಾನು ಅಡುಗೆಮನೆಯಲ್ಲಿ ತಟ್ಟೆಗೆ ಹಾಕಿ ನೀರು ಚಿಮುಕಿಸಿದ್ದೆ. ಅರ್ಧ ಬೀಜ ಗ್ಯಾಸ್ ಒಲೆಯ ಹಿಂದೆ ಹೋದವು. ಮುಚ್ಚಳವಿರುವ ಡಬ್ಬಿಯಲ್ಲಿ ಮಾಡಿ.