ಹಾಲಿನ ಲೆಕ್ಕದಿಂದಲೇ ಶುರು ಮಾಡಿ

ವಯಸ್ಸು 45, ಇಂಗ್ಲಿಷ್ ಅಷ್ಟಕ್ಕಷ್ಟೆ, ಎರಡು ಹಸು ಇವೆ, ಮಗಳ ಹಳೇ ಲ್ಯಾಪ್‌ಟಾಪ್ ಸುಮ್ನೆ ಬಿದ್ದಿದೆ, ಈಗ ಪ್ರೋಗ್ರಾಮಿಂಗ್ ಕಲಿಯಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಕಲಿಯಬಹುದು. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ವಿಂಡೋಸ್‌ನಲ್ಲಿ ಅದರ ಜೊತೆಗೇ ಐಡಲ್ ಅನ್ನೋ ಪುಟ್ಟ ಎಡಿಟರ್, ಅಂದರೆ ಪ್ರೋಗ್ರಾಮ್ ಬರೆದು ಓಡಿಸೋ ಜಾಗ, ಬರುತ್ತದೆ, ಸದ್ಯಕ್ಕೆ ಅಷ್ಟು ಸಾಕು. ನಿಮ್ಮ ಪ್ರಶ್ನೆಗೆ ಯಾರೋ ಸಿ ಅನ್ನೋ ಭಾಷೆಯಿಂದ ಶುರು ಮಾಡಿ ಅಂದಿದ್ದಾರೆ. ನಾನು ಹಾಗೆ ಕಲಿತವನೇ, ಅದರಲ್ಲಿ ಸಾಲಿನ ಕೊನೆಗೆ ಹಾಕೋ ಸೆಮಿಕೋಲನ್ ಎಲ್ಲಿ ಬಿಟ್ಟೆ ಅಂತ ಹುಡುಕುವುದರಲ್ಲೇ ಅರ್ಧ ವರ್ಷ ಹೋಯಿತು.

ವಿಡಿಯೋ ನೋಡುತ್ತಾ ಕೂರಬೇಡಿ. ನೋಡುವಾಗ ಎಲ್ಲಾ ಅರ್ಥವಾದ ಹಾಗೇ ಇರುತ್ತದೆ, ಆಮೇಲೆ ಖಾಲಿ ಪರದೆ ಮುಂದೆ ಕೈ ಓಡುವುದಿಲ್ಲ. ಡೇರಿಗೆ ಹಾಲು ಹಾಕುತ್ತೀರಲ್ವಾ, ಆ ಲೆಕ್ಕವನ್ನೇ ಬರೆಯಿರಿ. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು ಅಂತ ಕೇಳಿ, ಕೂಡಿಸಿ ತೋರಿಸಬೇಕು. ಕೇಳೋದಕ್ಕೆ ಇನ್‌ಪುಟ್, ತೋರಿಸೋದಕ್ಕೆ ಪ್ರಿಂಟ್. ನಾಲ್ಕೇ ಸಾಲು.

ಬೆಳಿಗ್ಗೆಗೆ 6, ಸಂಜೆಗೆ 5 ಕೊಡಿ. 65 ಅಂತ ಬರುತ್ತದೆ! ಎರಡು ಹಸುವಿಗೆ ದಿನಕ್ಕೆ 65 ಲೀಟರ್, ಹಾಲು ಅಳೆಯುವವರು ಬಿದ್ದು ಬಿದ್ದು ನಗುತ್ತಾರೆ. ಆಗಿದ್ದೇನು ಅಂದರೆ, ಇನ್‌ಪುಟ್‌ನಿಂದ ಬಂದದ್ದನ್ನು ಪೈಥಾನ್ ಸಂಖ್ಯೆ ಅಂದುಕೊಳ್ಳುವುದಿಲ್ಲ, ಬರೀ ಅಕ್ಷರ ಅಂದುಕೊಳ್ಳುತ್ತದೆ. ಅಕ್ಷರಗಳ ನಡುವೆ ಪ್ಲಸ್ ಹಾಕಿದರೆ ಪಕ್ಕಪಕ್ಕ ಅಂಟಿಸಿ ಕೊಡುತ್ತದೆ ಅಷ್ಟೆ. ಎರಡನ್ನೂ ಇಂಟ್ ಒಳಗೆ ಹಾಕಿ, ಅದು ಅಕ್ಷರವನ್ನು ಪೂರ್ಣ ಸಂಖ್ಯೆ ಮಾಡುತ್ತದೆ, ಆಗ 11 ಬರುತ್ತದೆ. ಇನ್ನೊಂದು ದಿನ ಆರೂವರೆ ಲೀಟರ್ ಆಯ್ತು ಅಂತ 6.5 ಕೊಟ್ಟಿರೋ, ವ್ಯಾಲ್ಯೂಎರರ್ ಅಂತ ಕೆಂಪಕ್ಷರದಲ್ಲಿ ಕೂಗಾಡುತ್ತದೆ. ಅಲ್ಲಿ ಇಂಟ್ ಬದಲು ದಶಮಾಂಶವನ್ನೂ ಒಪ್ಪೋ ಫ್ಲೋಟ್ ಬೇಕು. ನಾನು ಹೇಳಿಬಿಟ್ಟೆ ಅಂತ ಮೊದಲೇ ಫ್ಲೋಟ್ ಹಾಕಿಬಿಡಬೇಡಿ, ಎರಡೂ ತಪ್ಪು ಒಂದು ಸಲ ಮಾಡಿ ನೋಡಿ. ಎರರ್ ಬಂದಾಗ ಕೊನೇ ಸಾಲು ಮೊದಲು ಓದಿ. ಏನು ತಪ್ಪು ಅಂತ ಅಲ್ಲಿರುತ್ತದೆ, ಯಾವ ಸಾಲಿನಲ್ಲಿ ಅನ್ನೋದು ಅದರ ಸ್ವಲ್ಪ ಮೇಲೆ.

ಇಂಗ್ಲಿಷ್ ಚಿಂತೆ ಬಿಡಿ. ಪೈಥಾನ್ ತನಗೇ ಅಂತ ಮೀಸಲಿಟ್ಟುಕೊಂಡ ಪದಗಳು 35ರ ಆಸುಪಾಸು. ಅವು, ಮತ್ತೆ ಇನ್‌ಪುಟ್, ಪ್ರಿಂಟ್ ಥರದ ಸಿದ್ಧ ಹೆಸರು ಬಿಟ್ಟರೆ ಉಳಿದ ಹೆಸರು ನೀವು ಇಡೋದು, ಕನ್ನಡ ಲಿಪಿಯಲ್ಲೇ ಇಡಬಹುದು: ಬೆಳಿಗ್ಗೆ, ಸಂಜೆ, ಒಟ್ಟು. ೬ ಅಂತ ಕನ್ನಡ ಅಂಕಿ ಟೈಪ್ ಮಾಡಿದರೂ ಇಂಟ್ ಒಪ್ಪಿಕೊಳ್ಳುತ್ತದೆ. ತಮಾಷೆಗೆ 'ಕನ್ನಡ' ಅನ್ನೋ ಪದದ ಉದ್ದ ಕೇಳಿ ನೋಡಿ, 5 ಅನ್ನುತ್ತದೆ. ನಮಗೆ ಮೂರಕ್ಷರ, ಪೈಥಾನ್‌ಗೆ ಅದರ ಮೇಲೆ ಒತ್ತಿನ 'ನ' ಒಂದು, ಆ ಒತ್ತು ಕೂಡಿಸೋ ಚಿಹ್ನೆ ಇನ್ನೊಂದು.

ಫ್ಯಾಟ್ ನೋಡಿ ದರ ಹಾಕೋದು ಇಫ್ (ಹೀಗಿದ್ದರೆ ಹೀಗೆ ಮಾಡು ಅನ್ನೋದು) ಕಲಿತ ಮೇಲೆ, ಇಡೀ ತಿಂಗಳ ಲೆಕ್ಕ ಫಾರ್ ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋದು) ಬಂದ ಮೇಲೆ. ಈಗ 65 ಬರಲಿ, ಬಂದ ದಿನ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ.